ಹೆಜ್ಜೆ ಬೀಳದ ದಾರಿಗಳು

(ನೈಮೆಗನ್‌ನ ನಮ್ಮ ವಾರಾಂತ್ಯದ ಕನ್ನಡ ಶಾಲೆಯ ಪದವಿ ಪ್ರದಾನ ಸಮಾರಂಭದಲ್ಲಿ ಪೋಷಕರೊಬ್ಬರು ಮಾಡಿದ ಭಾಷಣದ ಪಠ್ಯ)



ಪದವಿ ಸಮಾರಂಭದಲ್ಲಿ ಸಾಮಾನ್ಯವಾಗಿ ಭಾಷೆ, ಸಂಸ್ಕೃತಿ, ಬೇರುಗಳ ಬಗ್ಗೆ ಮಾತನಾಡುವುದು ವಾಡಿಕೆ. ಸಮಿತಿಯವರು ನನಗೆ ಹೇಳಿದ್ದು ಬೇರೆ: "ನಿಮ್ಮ ಕೆಲಸದ ಬಗ್ಗೆ ಹೇಳಿ, ಆದರೆ ಕನ್ನಡದಲ್ಲೇ ಹೇಳಿ." ನನ್ನ ಕೆಲಸ ಸಾಫ್ಟ್‌ವೇರ್ ಪರೀಕ್ಷೆ. ಅದರಲ್ಲೂ ಫಜ್ ಟೆಸ್ಟಿಂಗ್ ಎನ್ನುವ ವಿಭಾಗ. ಅದರೊಳಗೂ ಒಂದು ಸಣ್ಣ ಮೂಲೆ: ಕಂಪೈಲರ್ ಮೂಲಕ ಪ್ರೋಗ್ರಾಮಿನೊಳಗೆ ಹೆಜ್ಜೆಗುರುತುಗಳನ್ನು ಅಳವಡಿಸುವುದು, ಆ ಅಳವಡಿಕೆಯನ್ನು ಉತ್ತಮಪಡಿಸುವುದು. ಹೆದರಬೇಡಿ. ಇಷ್ಟನ್ನು ಹತ್ತು ವರ್ಷದ ಮಗುವಿಗೂ ಅರ್ಥವಾಗುವಂತೆ ಹೇಳಬಹುದು ಎಂದು ನನ್ನ ನಂಬಿಕೆ. ಕೊನೆಯಲ್ಲಿ ಇದಕ್ಕೂ ನಮ್ಮ ಕನ್ನಡ ಶಾಲೆಗೂ ಏನು ಸಂಬಂಧ ಎಂಬುದನ್ನೂ ಹೇಳುತ್ತೇನೆ.

ಮೊದಲು ಫಜ್ ಟೆಸ್ಟಿಂಗ್ ಎಂದರೇನು ನೋಡೋಣ. 1988ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಬಾರ್ಟನ್ ಮಿಲ್ಲರ್ ಅವರು ಒಂದು ಬಿರುಗಾಳಿಯ ರಾತ್ರಿ ಮನೆಯಿಂದ ದೂರವಾಣಿ ತಂತಿಯ ಮೂಲಕ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಕೆಲಸ ಮಾಡುತ್ತಿದ್ದರು. ಮಳೆಯಿಂದಾಗಿ ತಂತಿಯಲ್ಲಿ ಗದ್ದಲ. ಅವರು ಒತ್ತಿದ ಅಕ್ಷರಗಳ ನಡುವೆ ಅರ್ಥವಿಲ್ಲದ ಅಕ್ಷರಗಳು ಸೇರಿಕೊಳ್ಳುತ್ತಿದ್ದವು. ಅದು ಅವರಿಗೆ ಆಶ್ಚರ್ಯವಲ್ಲ. ಆಶ್ಚರ್ಯವಾಗಿದ್ದು, ಆ ಕಸದ ಅಕ್ಷರಗಳನ್ನು ತಿಂದು ಎಲ್ಲರೂ ದಿನನಿತ್ಯ ಬಳಸುವ ಪ್ರೋಗ್ರಾಮುಗಳು ಕುಸಿದು ಬೀಳುತ್ತಿದ್ದದ್ದು. "ತಪ್ಪಾದ ಇನ್‌ಪುಟ್" ಎಂದು ಹೇಳಿ ಸುಮ್ಮನಾಗಬೇಕಿತ್ತು, ಸತ್ತೇ ಹೋಗುವುದೇಕೆ? ಅವರು ತಮ್ಮ ವಿದ್ಯಾರ್ಥಿಗಳಿಗೆ ಇದನ್ನೇ ಪಾಠವಾಗಿ ಕೊಟ್ಟರು. ಮನಸ್ಸಿಗೆ ಬಂದ ಅಕ್ಷರಗಳನ್ನು ಸುರಿದು ಯುನಿಕ್ಸ್ ಪ್ರೋಗ್ರಾಮುಗಳನ್ನು ಪರೀಕ್ಷಿಸಿದರು. 1990ರಲ್ಲಿ ಫಲಿತಾಂಶ ಪ್ರಕಟವಾಯಿತು: ಪರೀಕ್ಷಿಸಿದ ಪ್ರೋಗ್ರಾಮುಗಳಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದವರೆಗೆ ಕುಸಿದವು ಅಥವಾ ಸಿಕ್ಕಿಹಾಕಿಕೊಂಡವು. ಆ ಪ್ರಯೋಗಕ್ಕೆ ಅವರು ಇಟ್ಟ ಹೆಸರೇ ಫಜ್.

ಕುಸಿಯುವುದು ಬರೀ ಕಿರಿಕಿರಿಯ ವಿಷಯವಲ್ಲ. ಪ್ರೋಗ್ರಾಮು ತನ್ನದಲ್ಲದ ನೆನಪಿನ ಜಾಗಕ್ಕೆ ಕೈ ಹಾಕಿದಾಗ ಕುಸಿಯುತ್ತದೆ. ಅದೇ ದಾರಿಯಲ್ಲಿ ಕಳ್ಳ ಒಳಗೆ ನುಗ್ಗಬಹುದು. 2014ರ ಏಪ್ರಿಲ್‌ನಲ್ಲಿ ಜಗತ್ತಿನ ನಿದ್ದೆಗೆಡಿಸಿದ ಹಾರ್ಟ್‌ಬ್ಲೀಡ್ ದೋಷ ನಿಮಗೆ ನೆನಪಿರಬಹುದು. ಓಪನ್‌ಎಸ್‌ಎಸ್‌ಎಲ್ ಎಂಬ, ಅಸಂಖ್ಯಾತ ಜಾಲತಾಣಗಳ ಬೀಗವಾಗಿರುವ ಪ್ರೋಗ್ರಾಮು, "ಇಷ್ಟು ಅಕ್ಷರ ವಾಪಸ್ ಕೊಡು" ಎಂದು ಸುಳ್ಳು ಲೆಕ್ಕ ಹೇಳಿದವರಿಗೆ ಒಂದು ಸಲಕ್ಕೆ 64 ಕಿಲೋಬೈಟ್‌ವರೆಗೆ ತನ್ನ ಹೊಟ್ಟೆಯೊಳಗಿನದನ್ನು ತೆಗೆದು ಕೊಡುತ್ತಿತ್ತು. ಅದರಲ್ಲಿ ಪಾಸ್‌ವರ್ಡ್‌ಗಳೂ ಇರಬಹುದಿತ್ತು. ಎರಡು ವರ್ಷ ಆ ದೋಷ ಯಾರ ಕಣ್ಣಿಗೂ ಬೀಳದೆ ಅಲ್ಲೇ ಇತ್ತು. ಇಂದಿನ ಫಜ್ ಸಲಕರಣೆಗಳ ಮುಂದೆ ಅದೇ ಹಳೆಯ ಪ್ರೋಗ್ರಾಮನ್ನು ಇಟ್ಟರೆ ಕೆಲವೇ ಕ್ಷಣಗಳಲ್ಲಿ ದೋಷ ಹೊರಬೀಳುತ್ತದೆ.

ಹಾಗಾದರೆ 1988ರಿಂದ ಇಲ್ಲಿಯವರೆಗೆ ಬದಲಾಗಿದ್ದೇನು? ಮಿಲ್ಲರ್ ಅವರ ವಿಧಾನ ಕುರುಡು ವಿಧಾನ. ಕಸವನ್ನು ಸುರಿಯುತ್ತೇವೆ, ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಒಳಗೆ ಏನಾಯಿತು ಎಂಬುದೇ ಗೊತ್ತಾಗುವುದಿಲ್ಲ. ಹೆಚ್ಚಿನ ಕಸ ಬಾಗಿಲಲ್ಲೇ ತಿರಸ್ಕೃತವಾಗುತ್ತದೆ. ಒಳಮನೆ, ಅಟ್ಟ, ಹಿತ್ತಲು ಇವಕ್ಕೆ ಯಾರೂ ಹೋಗುವುದೇ ಇಲ್ಲ. ಒಳಗೆ ಎಲ್ಲೆಲ್ಲಿ ಹೋಗಿಬಂದೆವು ಎಂದು ತಿಳಿಯುವ ಉಪಾಯ ಬೇಕಿತ್ತು.

ಇದನ್ನು ವಿವರಿಸಲು ನಮ್ಮೂರಿನ ಉದಾಹರಣೆಯೇ ಸಾಕು. ಪ್ರತಿ ಜುಲೈನಲ್ಲಿ ನೈಮೆಗನ್‌ನಲ್ಲಿ ನಾಲ್ಕು ದಿನಗಳ ನಡಿಗೆ, ಫಿರ್ದಾಖ್ಸೆ, ನಡೆಯುತ್ತದೆ. ಇದು ಶುರುವಾಗಿದ್ದು 1909ರಲ್ಲಿ. ದಿನಕ್ಕೆ 30, 40 ಅಥವಾ 50 ಕಿಲೋಮೀಟರ್. ಎಲ್ಸ್ಟ್, ವೈಖನ್, ಖ್ರೂಸ್‌ಬೇಕ್, ಕೌಕ್ ದಾರಿಗಳಲ್ಲಿ ಸಾವಿರಾರು ಜನ ನಡೆಯುತ್ತಾರೆ. ನಮ್ಮಲ್ಲೂ ಕೆಲವರು ನಡೆದಿದ್ದೀರಿ. ಕಾಲಿನ ಗುಳ್ಳೆಗಳ ಕಥೆ ಕೇಳಿದ್ದೇವೆ. ನಡೆದವರು ನಿಜವಾಗಿ ಪೂರ್ತಿ ದಾರಿ ನಡೆದರೋ, ನಡುವೆ ಬಸ್ಸು ಹತ್ತಿದರೋ ಎಂದು ತಿಳಿಯಲು ಅಲ್ಲಲ್ಲಿ ತಪಾಸಣಾ ಕಟ್ಟೆಗಳಿರುತ್ತವೆ. ಅಲ್ಲಿ ಗುರುತು ಹಾಕಿಸಿಕೊಂಡೇ ಮುಂದೆ ಹೋಗಬೇಕು. ಕೊನೆಯಲ್ಲಿ ಗುರುತುಗಳನ್ನು ನೋಡಿದರೆ ನೀವು ಯಾವ ದಾರಿಯಲ್ಲಿ ಬಂದಿರಿ ಎಂದು ಗೊತ್ತಾಗುತ್ತದೆ.

ಪ್ರೋಗ್ರಾಮಿನೊಳಗೂ ಹೀಗೇ ಕಟ್ಟೆಗಳನ್ನು ಹಾಕುತ್ತೇವೆ. ಹಾಕುವ ಕೆಲಸ ಕಂಪೈಲರ್‌ನದು. ಮನುಷ್ಯರು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಅನುವಾದಿಸುವ ಸಾಧನವೇ ಕಂಪೈಲರ್. ಅನುವಾದಿಸುವಾಗ ಅದಕ್ಕೆ ಇಡೀ ದಾರಿಯ ನಕ್ಷೆ ಕಾಣಿಸುತ್ತದೆ: ಇಲ್ಲಿ ಕವಲು, ಇಲ್ಲಿ ಸುತ್ತು, ಇಲ್ಲಿ ಕೊನೆ. ಆದ್ದರಿಂದ ಪ್ರತಿ ಕವಲಿನಲ್ಲೂ "ಇಲ್ಲಿ ಬಂದೆ" ಎಂದು ಗುರುತು ಹಾಕುವ ಎರಡು ಮೂರು ಸೂಚನೆಗಳನ್ನು ಅದೇ ಸೇರಿಸಿಬಿಡಬಹುದು. ಮೂಲ ಪ್ರೋಗ್ರಾಮನ್ನು ಬರೆದವರು ಒಂದು ಸಾಲನ್ನೂ ತಿದ್ದಬೇಕಿಲ್ಲ.

2013ರಲ್ಲಿ ಮಿಖಾವ್ ಜಲೆವ್ಸ್ಕಿ ಎಂಬ ತಜ್ಞ ಎಎಫ್‌ಎಲ್ ಎಂಬ ಸಲಕರಣೆಯನ್ನು ಹೊರತಂದರು. ಅದರ ಉಪಾಯ ಸರಳ. ಒಂದು ಇನ್‌ಪುಟ್ ಕೊಡು. ಅದು ಯಾವ ಯಾವ ಕಟ್ಟೆ ದಾಟಿತು ನೋಡು. ಇನ್‌ಪುಟ್ಟನ್ನು ಸ್ವಲ್ಪ ಬದಲಿಸಿ ಮತ್ತೆ ಕೊಡು. ಹಿಂದೆ ಯಾರೂ ಹೋಗದ ದಾರಿಗೆ ಅದು ಹೋದರೆ ಅದನ್ನು ಉಳಿಸಿಕೋ, ಅದರ ಮೇಲೆ ಮುಂದಿನ ಬದಲಾವಣೆ ಮಾಡು. ಹೊಸದೇನೂ ಇಲ್ಲದಿದ್ದರೆ ಎಸೆ. ಒಂದು ಸೆಕೆಂಡಿಗೆ ನೂರಾರು, ಸಾವಿರಾರು ಸಲ. ಇಷ್ಟರಿಂದ ಏನಾಗುತ್ತದೆ ಎಂದು ತೋರಿಸಲು 2014ರಲ್ಲಿ ಅವರು ಒಂದು ತಮಾಷೆ ಮಾಡಿದರು. ಚಿತ್ರಗಳನ್ನು ಓದುವ ಪ್ರೋಗ್ರಾಮಿಗೆ ಚಿತ್ರವೇ ಅಲ್ಲದ "ಹಲೋ" ಎಂಬ ಪದವನ್ನು ಮಾತ್ರ ಕೊಟ್ಟು ಎಎಫ್‌ಎಲ್ ಅನ್ನು ಓಡಿಸಿಬಿಟ್ಟರು. ಹೆಜ್ಜೆಗುರುತುಗಳನ್ನೇ ಹಿಡಿದು ಅದು ಒಂದೊಂದೇ ಬಾಗಿಲು ತೆರೆಯುತ್ತಾ ಹೋಗಿ, ಕೊನೆಗೆ ಸರಿಯಾದ ಜೆಪೆಗ್ ಚಿತ್ರಗಳನ್ನೇ ತಯಾರಿಸಿತು. ಜೆಪೆಗ್ ಎಂದರೇನು ಎಂದು ಅದಕ್ಕೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇನ್ನು ನನ್ನ ಮೂಲೆಗೆ ಬರುತ್ತೇನೆ. ಹೆಜ್ಜೆಗುರುತು ಹಾಕಿದರೆ ಸಾಲದು, ಚೆನ್ನಾಗಿ ಹಾಕಬೇಕು. ಅನೇಕರು ಸೇರಿ ಇದನ್ನು ಹೇಗೆ ಸುಧಾರಿಸಿದರು ಎಂಬುದನ್ನು ಐದು ಮಾತಿನಲ್ಲಿ ಹೇಳುತ್ತೇನೆ.

ಒಂದು, ಒಂದೇ ಮುದ್ರೆ ಎರಡು ಕಟ್ಟೆಗೆ ಹೋಗಬಾರದು. ಮೊದಲ ಎಎಫ್‌ಎಲ್‌ನಲ್ಲಿ ಪ್ರತಿ ಕಟ್ಟೆಗೂ ಕಣ್ಣುಮುಚ್ಚಿ ಒಂದು ಸಂಖ್ಯೆ ಕೊಡುತ್ತಿದ್ದರು. ಹಿಂದಿನ ಕಟ್ಟೆಯ ಸಂಖ್ಯೆಯನ್ನೂ ಈಗಿನದನ್ನೂ ಬೆರೆಸಿ, 65,536 ಮನೆಗಳಿರುವ ಒಂದು ಪುಸ್ತಕದಲ್ಲಿ ಗುರುತು ಹಾಕುತ್ತಿದ್ದರು. ಒಂದೇ ತರಗತಿಯಲ್ಲಿ ಇಬ್ಬರ ಹುಟ್ಟುಹಬ್ಬ ಒಂದೇ ದಿನ ಬರುವುದು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು, ಅಲ್ಲವೇ? ಇಲ್ಲೂ ಹಾಗೆಯೇ. 10,000 ಕವಲುಗಳಿರುವ ಪ್ರೋಗ್ರಾಮಿನಲ್ಲಿ ಶೇ. 7ರಷ್ಟು ಗುರುತುಗಳು ಒಂದರ ಮೇಲೊಂದು ಬೀಳುತ್ತವೆ, 50,000 ಕವಲುಗಳಿದ್ದರೆ ಶೇ. 30ರಷ್ಟು ಎಂದು ಎಎಫ್‌ಎಲ್‌ನ ಕೈಪಿಡಿಯೇ ಲೆಕ್ಕ ಕೊಡುತ್ತದೆ. ಪರಿಣಾಮವೇನು? ಹೊಸ ದಾರಿಗೆ ಹೋದ ಒಳ್ಳೆಯ ಇನ್‌ಪುಟ್ಟನ್ನು "ಇದು ಹಳೆಯದೇ" ಎಂದು ಎಸೆದುಬಿಡುತ್ತೇವೆ. ಪುಸ್ತಕವನ್ನು ದೊಡ್ಡದು ಮಾಡಬಹುದು, ಆದರೆ ಪ್ರತಿ ಓಟದ ನಂತರವೂ ಇಡೀ ಪುಸ್ತಕವನ್ನು ತಿರುವಿ ಹಾಕಬೇಕಾದ್ದರಿಂದ ವೇಗ ಕುಗ್ಗುತ್ತದೆ. ಸರಿಯಾದ ಪರಿಹಾರ ಬಂದದ್ದು ಎಎಫ್‌ಎಲ್ ಪ್ಲಸ್ ಪ್ಲಸ್ ಎಂಬ ಮುಂದಿನ ಪೀಳಿಗೆಯಲ್ಲಿ. ಒಂದೊಂದು ಊರಿನವರು ತಮ್ಮ ಪಾಡಿಗೆ ಮುದ್ರೆ ತಯಾರಿಸುವ ಬದಲು, ಎಲ್ಲ ತುಣುಕುಗಳನ್ನೂ ಜೋಡಿಸುವ ಕೊನೆಯ ಹಂತದಲ್ಲಿ, ಇಡೀ ನಕ್ಷೆಯನ್ನು ಮುಂದಿಟ್ಟುಕೊಂಡು ಒಂದು, ಎರಡು, ಮೂರು ಎಂದು ಕ್ರಮವಾಗಿ ಸಂಖ್ಯೆ ಕೊಡುವುದು. ಆಗ ಡಿಕ್ಕಿಯೇ ಇಲ್ಲ, ಪುಸ್ತಕವೂ ಬೇಕಾದಷ್ಟೇ ದೊಡ್ಡದು.

ಎರಡು, ಬೇಡದ ಕಟ್ಟೆಗಳನ್ನು ತೆಗೆಯಬೇಕು. ವಾಲ್ ನದಿಯ ಸೇತುವೆಯ ಆ ಬದಿಯಲ್ಲಿ ಗುರುತು ಸಿಕ್ಕಿದ್ದರೆ ಈ ಬದಿಯಿಂದಲೇ ಬಂದಿರಬೇಕು; ನಡುವೆ ಬೇರೆ ದಾರಿಯಿಲ್ಲ. ಹಾಗಿದ್ದರೆ ಈ ಬದಿಯ ಕಟ್ಟೆ ದಂಡ. ಎಲ್‌ಎಲ್‌ವಿಎಂ ಎಂಬ ಕಂಪೈಲರ್ ಇಂಥ ಸ್ಥಳಗಳನ್ನು ತಾನೇ ಲೆಕ್ಕ ಹಾಕಿ ಕಟ್ಟೆ ಹಾಕದೆ ಬಿಡುತ್ತದೆ. ಮಾಹಿತಿ ಅಷ್ಟೇ ಸಿಗುತ್ತದೆ, ನಡಿಗೆ ಹಗುರವಾಗುತ್ತದೆ.

ಮೂರು, ಎಣಿಕೆ ಸೊನ್ನೆಗೆ ಮರಳಬಾರದು. ಒಂದು ಕಟ್ಟೆಯನ್ನು ಎಷ್ಟು ಸಲ ದಾಟಿದಿರಿ ಎಂದು ಎಣಿಸುವ ಮನೆ ಸಣ್ಣದು; 255ರವರೆಗೆ ಮಾತ್ರ ಹಿಡಿಯುತ್ತದೆ. ಇನ್ನೊಂದು ಸಲ ದಾಟಿದರೆ ಹಳೆಯ ಸ್ಕೂಟರಿನ ಮೀಟರಿನಂತೆ ಮತ್ತೆ ಸೊನ್ನೆ! ಸರಿಯಾಗಿ 256 ಸಲ ನಡೆದ ದಾರಿಯೂ ಯಾರೂ ನಡೆಯದ ದಾರಿಯಂತೆ ಕಾಣುತ್ತದೆ. ಎಎಫ್‌ಎಲ್ ಪ್ಲಸ್ ಪ್ಲಸ್ ತಂಡ ಮಾಡಿದ್ದು ಚಿಕ್ಕ ತಿದ್ದುಪಡಿ: ಸುತ್ತಿ ಬಂದಾಗ ಸೊನ್ನೆಗೆ ಬಿಡದೆ ಒಂದಕ್ಕೆ ತಂದು ನಿಲ್ಲಿಸು. ಬಂದವರ ಗುರುತು ಅಳಿಸಿಹೋಗದು.

ನಾಲ್ಕು, ಅರ್ಧ ಸರಿಗೂ ಅಂಕ ಕೊಡಬೇಕು. ಇದು ನನಗೆ ಅತ್ಯಂತ ಇಷ್ಟವಾದದ್ದು. ನಾಲ್ಕು ಬೈಟ್‌ಗಳ ಗುಟ್ಟಿನ ಪದ ಸರಿಯಿದ್ದರೆ ಮಾತ್ರ ಒಳಗೆ ಬಿಡುವ ಬಾಗಿಲು ಇದೆ ಎನ್ನಿ. ಬಾಗಿಲು ನಾಲ್ಕನ್ನೂ ಒಟ್ಟಿಗೆ ಹೋಲಿಸುತ್ತದೆ. ಮೂರು ಸರಿಯಿದ್ದರೂ "ತಪ್ಪು", ಒಂದೂ ಸರಿಯಿಲ್ಲದಿದ್ದರೂ "ತಪ್ಪು". ಕಣ್ಣುಮುಚ್ಚಿ ಹುಡುಕಿದರೆ ಸುಮಾರು 429 ಕೋಟಿ ಸಾಧ್ಯತೆಗಳು. 2016ರಲ್ಲಿ ಲಾಫ್-ಇಂಟೆಲ್ ಎಂಬ ಹೆಸರಿನಲ್ಲಿ ಬಂದ ಸುಧಾರಣೆ ಕಂಪೈಲರ್‌ಗೆ ಹೇಳಿದ್ದು ಇಷ್ಟು: ಆ ದೊಡ್ಡ ಹೋಲಿಕೆಯನ್ನು ನಾಲ್ಕು ಸಣ್ಣ ಹೋಲಿಕೆಗಳಾಗಿ ಒಡೆ. ಮೊದಲ ಬೈಟ್ ಸರಿಯಾದರೆ ಒಂದು ಹೊಸ ಕಟ್ಟೆ, ಎರಡನೆಯದು ಸರಿಯಾದರೆ ಇನ್ನೊಂದು. ಪ್ರತಿ ಬೈಟಿಗೆ ಹೆಚ್ಚೆಂದರೆ 256 ಸಾಧ್ಯತೆ, ನಾಲ್ಕಕ್ಕೆ ಒಟ್ಟು 1,024. 429 ಕೋಟಿ ಎಲ್ಲಿ, 1,024 ಎಲ್ಲಿ! ಬಾಗಿಲು ಬದಲಾಗಲಿಲ್ಲ, ಬೀಗವೂ ಬದಲಾಗಲಿಲ್ಲ. ಬದಲಾದದ್ದು ಅಂಕ ಕೊಡುವ ರೀತಿ ಮಾತ್ರ. ನಂತರ ಗಡಿಯಾಚೆಯ ಬೋಖುಮ್ ವಿಶ್ವವಿದ್ಯಾಲಯದವರು 2019ರಲ್ಲಿ ರೆಡ್‌ಕ್ವೀನ್ ಎಂಬ ಕೆಲಸದಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು. ಬಾಗಿಲು ಯಾವ ಪದದೊಂದಿಗೆ ಹೋಲಿಸುತ್ತಿದೆ ಎಂಬುದನ್ನೇ ಇಣುಕಿ ನೋಡಿ, ಇನ್‌ಪುಟ್ಟಿನಲ್ಲಿ ತಕ್ಕ ಜಾಗದಲ್ಲಿ ಆ ಪದವನ್ನು ಇಟ್ಟುಬಿಡುವುದು. ಎಎಫ್‌ಎಲ್ ಪ್ಲಸ್ ಪ್ಲಸ್ ಇದನ್ನೂ ಕಂಪೈಲರ್ ಅಳವಡಿಕೆಯಾಗಿ ತೆಗೆದುಕೊಂಡಿತು.

ಐದು, ಜಾರಿದ್ದು ಜಾರಿದ ಕ್ಷಣದಲ್ಲೇ ತಿಳಿಯಬೇಕು. ತನ್ನದಲ್ಲದ ಜಾಗವನ್ನು ಮುಟ್ಟಿದ ಪ್ರೋಗ್ರಾಮು ಪ್ರತಿ ಸಲವೂ ಬೀಳುವುದಿಲ್ಲ. ಹಾರ್ಟ್‌ಬ್ಲೀಡ್ ಬೀಳದೆಯೇ ಸೋರುತ್ತಿತ್ತು. 2012ರಲ್ಲಿ ಗೂಗಲ್‌ನವರು ಪ್ರಕಟಿಸಿದ ಅಡ್ರೆಸ್ ಸ್ಯಾನಿಟೈಜರ್, ಪ್ರತಿ ಜಾಗದ ಸುತ್ತಲೂ ಕೆಂಪು ಪಟ್ಟಿ ಕಟ್ಟಿದಂತೆ ಕಾವಲು ಹಾಕುತ್ತದೆ. ಬದು ದಾಟಿದ ತಕ್ಷಣ ಕೂಗು. ಇದೂ ಕಂಪೈಲರ್ ಸೇರಿಸುವ ಸೂಚನೆಗಳಿಂದಲೇ ನಡೆಯುತ್ತದೆ. ಆದರೆ ಬೆಲೆ ಇದೆ: ಅವರದೇ ಅಳತೆಯಲ್ಲಿ ಪ್ರೋಗ್ರಾಮು ಸರಾಸರಿ ಶೇ. 73ರಷ್ಟು ನಿಧಾನವಾಯಿತು.

ಈ ಬೆಲೆಯ ಮಾತು ಮುಖ್ಯ. ಹತ್ತು ಹೆಜ್ಜೆಗೊಂದು ತಪಾಸಣಾ ಕಟ್ಟೆ ಇಟ್ಟರೆ ಯಾರೂ ನಡಿಗೆ ಮುಗಿಸಲಾರರು. ಕಟ್ಟೆಗಳೇ ಇಲ್ಲದಿದ್ದರೆ ಎಲ್ಲಿ ಹೋದರೋ ತಿಳಿಯದು. ನಮ್ಮ ಇಡೀ ಕೆಲಸ ಈ ಎರಡರ ನಡುವೆ. ಕಡಿಮೆ ಗುರುತು, ಹೆಚ್ಚು ತಿಳುವಳಿಕೆ.

ಈಗ ಕನ್ನಡಕ್ಕೆ ಬರೋಣ. ನೀವು ಫೋನಿನಲ್ಲಿ "ಸೂರ್ಯ" ಎಂದು ಓದುವಾಗ ನಿಮಗೆ ಕಾಣುವುದು ಎರಡು ಅಕ್ಷರ. ಯಂತ್ರದೊಳಗೆ ಅದು ಐದು ಸಂಕೇತ: ಸ, ಊಕಾರ, ರ, ಹಲಂತ, ಯ. ಪ್ರತಿಯೊಂದಕ್ಕೆ ಮೂರು ಬೈಟ್‌ನಂತೆ ಹದಿನೈದು ಬೈಟ್. ರಕಾರ ಮೊದಲು ಉಚ್ಚಾರವಾದರೂ ಅರ್ಕಾವತ್ತು ಯಕಾರದ ನಂತರ ಬರಬೇಕು. ಇದನ್ನು ಮಕ್ಕಳಿಗೆ ಕಲಿಸಲು ನಮ್ಮ ಶಿಕ್ಷಕರು ಎಷ್ಟು ಶನಿವಾರಗಳನ್ನು ಕೊಟ್ಟಿದ್ದಾರೆ ಎಂದು ನನಗೆ ಗೊತ್ತು. ಯಂತ್ರಕ್ಕೂ ಯಾರೋ ಕಲಿಸಬೇಕಾಯಿತು. ಆಂಡ್ರಾಯ್ಡ್, ಕ್ರೋಮ್, ಫೈರ್‌ಫಾಕ್ಸ್, ಲಿಬ್ರೆಆಫೀಸ್ ಇವುಗಳಲ್ಲಿ ಅಕ್ಷರಗಳನ್ನು ಹೀಗೆ ಜೋಡಿಸುವ ಕೆಲಸ ಮಾಡುವುದು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ. ಅಕ್ಷರದ ಆಕಾರವನ್ನು ಬಿಡಿಸಲು ಬಹಳ ಕಡೆ ಬಳಕೆಯಾಗುವುದು ಫ್ರೀಟೈಪ್. ಒತ್ತಕ್ಷರಕ್ಕೆ, ಅರ್ಕಾವತ್ತಿಗೆ, ಎರಡು ಮೂರು ತುಂಡಾಗಿ ಒಡೆಯುವ ಸ್ವರಚಿಹ್ನೆಗಳಿಗೆ ಇಂಥ ತಂತ್ರಾಂಶದೊಳಗೆ ಪ್ರತ್ಯೇಕ ಕವಲುದಾರಿಗಳಿವೆ.

ಅಂಥ ಕವಲುದಾರಿಯಲ್ಲಿ ಎಡವಿದರೆ ಏನಾಗುತ್ತದೆ ಎಂದು 2018ರ ಫೆಬ್ರವರಿಯಲ್ಲಿ ಎಲ್ಲರೂ ನೋಡಿದರು. ತೆಲುಗಿನ ಒಂದೇ ಒಂದು ಅಕ್ಷರಗುಚ್ಛ, ನಮ್ಮ ಲಿಪಿಯಲ್ಲಿ ಬರೆದರೆ "ಜ್ಞಾ", ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತದೊಂದಿಗೆ ಐಫೋನಿಗೆ ಬಂದರೆ ಅದನ್ನು ತೋರಿಸಲು ಹೋದ ಆ್ಯಪ್ ಕುಸಿಯುತ್ತಿತ್ತು. ಜ್ಞಾನ ಎಂಬ ಪದದ ಮೊದಲ ಅಕ್ಷರವೇ ಫೋನಿಗೆ ಭಾರವಾಯಿತು! ಆಪಲ್ ಕಂಪನಿ ಅದೇ ತಿಂಗಳು ಐಒಎಸ್ 11.2.6 ಎಂಬ ತಿದ್ದುಪಡಿಯನ್ನು ಬಿಡುಗಡೆ ಮಾಡಿತು. ತೆಲುಗು ನಮ್ಮ ಪಕ್ಕದ ಮನೆಯ ಲಿಪಿ. ಕಟ್ಟುವ ಕ್ರಮ ಹೆಚ್ಚುಕಡಿಮೆ ಒಂದೇ.

ಇಂಗ್ಲಿಷ್ ಅಕ್ಷರಗಳ ದಾರಿಯಲ್ಲಿ ದಿನಕ್ಕೆ ಕೋಟಿಗಟ್ಟಲೆ ಜನ ನಡೆಯುತ್ತಾರೆ. ಅಲ್ಲಿ ಗುಂಡಿ ಇದ್ದರೆ ಬೇಗ ಯಾರಾದರೂ ಎಡವಿ ಕೂಗುತ್ತಾರೆ. ಕನ್ನಡದ ಕವಲಿನಲ್ಲಿ ಜನ ಕಡಿಮೆ. ಯಂತ್ರದ ಕುರುಡು ಹುಡುಕಾಟಕ್ಕೂ ಅದು ದೂರ: ಮೂರು ಬೈಟ್‌ಗಳನ್ನು ಮನಬಂದಂತೆ ಆರಿಸಿದರೆ ಅದು ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಕೊಟ್ಟ 128 ಸ್ಥಾನಗಳೊಳಗೆ ಬೀಳುವ ಸಾಧ್ಯತೆ 1,31,072ರಲ್ಲಿ ಒಂದು. ಅದು ಬರೀ ಒಂದು ಸಂಕೇತಕ್ಕೆ. "ರಾಷ್ಟ್ರ" ಎಂಬ ಪದಕ್ಕೆ ಇಂಥವು ಏಳು ಬೇಕು, ಅದೂ ಕ್ರಮವಾಗಿ. ಹೆಜ್ಜೆಗುರುತಿನ ಸುಧಾರಣೆಗಳಿಲ್ಲದಿದ್ದರೆ ಯಂತ್ರ ಅಲ್ಲಿಗೆ ತಲುಪುವುದೇ ಕಷ್ಟ. 2016ರ ಡಿಸೆಂಬರಿನಿಂದ ಗೂಗಲ್‌ನ ಒಎಸ್‌ಎಸ್-ಫಜ್ ಎಂಬ ಸೇವೆ ಮುಕ್ತ ತಂತ್ರಾಂಶಗಳನ್ನು ಉಚಿತವಾಗಿ, ನಿರಂತರವಾಗಿ ಹೀಗೆ ಪರೀಕ್ಷಿಸುತ್ತಿದೆ. ಹಾರ್ಫ್‌ಬಜ್, ಫ್ರೀಟೈಪ್ ಎರಡೂ ಅದರಲ್ಲಿವೆ. ಆರಂಭದಲ್ಲೇ ಅದು ಫ್ರೀಟೈಪ್‌ನಲ್ಲಿ ಒಂದು ದೋಷವನ್ನು, ತಪ್ಪು ಸಾಲು ಸೇರಿದ ಕೆಲವೇ ಗಂಟೆಗಳಲ್ಲಿ, ಹಿಡಿಯಿತು. ಆದರೂ ಯಂತ್ರಕ್ಕೆ ಬೀಜ ಬೇಕು. ಒಳ್ಳೆಯ ಮಾದರಿ ಇನ್‌ಪುಟ್‌ಗಳನ್ನು ನಾವು ಬೀಜ ಎಂದೇ ಕರೆಯುತ್ತೇವೆ. ಕನ್ನಡದ ಕಷ್ಟದ ಒತ್ತಕ್ಷರಗಳ ಬೀಜವನ್ನು ಕೊಡಬಲ್ಲವರು ಕನ್ನಡ ಬಲ್ಲವರು ಮಾತ್ರ. ಇಂದು ಪ್ರಮಾಣಪತ್ರ ಪಡೆಯುತ್ತಿರುವ ಮಕ್ಕಳೇ, ನಿಮ್ಮಲ್ಲಿ ಯಾರಾದರೂ ಮುಂದೆ ಈ ದಾರಿಗೆ ಬಂದರೆ, ಡಚ್ಚರಿಗೂ ಜರ್ಮನ್ನರಿಗೂ ಸಾಧ್ಯವಾಗದ ಒಂದು ಕೆಲಸ ನಿಮ್ಮ ಕೈಯಲ್ಲಿದೆ.

ಇನ್ನೊಂದು ಮಾತು ನಮ್ಮೂರಿನ ಬಗ್ಗೆ. ನಮ್ಮ ಮನೆಗಳಲ್ಲಿ "ತಪ್ಪು ಹುಡುಕುವವನು" ಎಂದರೆ ಒಳ್ಳೆಯ ಮಾತಲ್ಲ. ದೊಡ್ಡವರ ಮುಂದೆ, ಹಿರಿಯ ಸಂಸ್ಥೆಗಳ ಮುಂದೆ "ಇದು ಸರಿಯಿಲ್ಲ" ಎನ್ನಲು ಹಿಂಜರಿಯುತ್ತೇವೆ. ಇದೇ ನೈಮೆಗನ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದಲ್ಲಿ, ಪ್ರಾಧ್ಯಾಪಕ ಬಾರ್ಟ್ ಯಾಕೊಬ್ಸ್ ಅವರ ತಂಡ 2008ರಲ್ಲಿ ಮೈಫೇರ್ ಕ್ಲಾಸಿಕ್ ಎಂಬ ಚಿಪ್‌ನ ಬೀಗ ದುರ್ಬಲ ಎಂದು ತೋರಿಸಿತು. ಆಗ ದೇಶದ ಬಸ್ಸು ರೈಲುಗಳಿಗೆ ಬರುತ್ತಿದ್ದ ಒವಿ-ಚಿಪ್‌ಕಾರ್ಡ್‌ನಲ್ಲಿದ್ದದ್ದು ಅದೇ ಚಿಪ್. ಅದು ಫಜ್ ವಿಧಾನದಿಂದ ಕಂಡದ್ದಲ್ಲ, ಚಿಪ್ಪಿಗೂ ಅದನ್ನು ಓದುವ ಯಂತ್ರಕ್ಕೂ ನಡುವಿನ ಸಂವಹನವನ್ನು ಅಧ್ಯಯನ ಮಾಡಿ ಕಂಡದ್ದು. ಅವರು ಸರ್ಕಾರಕ್ಕೂ ತಯಾರಕರಿಗೂ ಮೊದಲೇ ತಿಳಿಸಿದರು. ಚಿಪ್ ತಯಾರಿಸಿದ, ಇದೇ ಊರಿನಲ್ಲಿ ಕಾರ್ಖಾನೆ ಇರುವ ಎನ್‌ಎಕ್ಸ್‌ಪಿ ಕಂಪನಿ ಪ್ರಬಂಧದ ಪ್ರಕಟಣೆಯನ್ನು ತಡೆಯಲು ನ್ಯಾಯಾಲಯಕ್ಕೆ ಹೋಯಿತು. 2008ರ ಜುಲೈ 18ರಂದು ಅರ್ನ್‌ಹೆಮ್ ನ್ಯಾಯಾಲಯ ಪ್ರಕಟಿಸಬಹುದು ಎಂದು ತೀರ್ಪು ಕೊಟ್ಟಿತು. ಹಾನಿಯೇನಾದರೂ ಆದರೆ ಅದು ದೋಷವಿರುವ ಚಿಪ್‌ನಿಂದ, ಅದನ್ನು ಹೇಳಿದ್ದರಿಂದಲ್ಲ ಎಂಬುದು ಅದರ ತಿರುಳು.

ಅದೇ ವಿಶ್ವವಿದ್ಯಾಲಯದ ಎರಿಕ್ ಪೋಲ್ ಅವರು ಯೂರಿ ಡೆ ರೌಟರ್ ಅವರೊಂದಿಗೆ 2015ರಲ್ಲಿ ಪ್ರಕಟಿಸಿದ ಕೆಲಸವಂತೂ ನೇರವಾಗಿ ಫಜ್ ಪರೀಕ್ಷೆಯೇ. ಜಾಲತಾಣಗಳ ಸುರಕ್ಷಿತ ಸಂಪರ್ಕಕ್ಕೆ ಬಳಸುವ ಒಂಬತ್ತು ತಂತ್ರಾಂಶಗಳಿಗೆ ಅವರು ಸಂದೇಶಗಳನ್ನು ಅದಲುಬದಲು ಕ್ರಮದಲ್ಲಿ ಕಳಿಸಿ ನೋಡಿದರು. ಒಳಗೆ ಗುರುತು ಹಾಕಲಿಲ್ಲ. ಹೊರಗಿನಿಂದ ಬಂದ ಉತ್ತರಗಳಿಂದಲೇ ಒಳಗಿನ ನಕ್ಷೆಯನ್ನು ಊಹಿಸಿದರು. ಮೂರರಲ್ಲಿ ಹೊಸ ದೋಷಗಳು ಸಿಕ್ಕವು. ಮಕ್ಕಳೇ, ನೀವು ದಿನಾ ಸೈಕಲ್ ತುಳಿಯುವ ಊರಿನಲ್ಲಿ ಇಷ್ಟೆಲ್ಲ ನಡೆದಿದೆ. ತಪ್ಪನ್ನು ಕಂಡವರು ಮೊದಲು ಸಂಬಂಧಪಟ್ಟವರಿಗೆ ತಿಳಿಸಬೇಕು, ಆಮೇಲೆ ಎಲ್ಲರಿಗೂ ತಿಳಿಯುವಂತೆ ಬರೆಯಬೇಕು. ಇದು ಚಾಡಿಯಲ್ಲ, ಜವಾಬ್ದಾರಿ.

ಕೊನೆಯದಾಗಿ ಶಿಕ್ಷಕರಿಗೂ ಪೋಷಕರಿಗೂ ಎರಡು ಮಾತು. ಮಕ್ಕಳು ಪ್ರೋಗ್ರಾಮುಗಳಲ್ಲ. ಪ್ರೋಗ್ರಾಮನ್ನು ಬೀಳಿಸಿ ಕಲಿಯುತ್ತೇವೆ, ಮಕ್ಕಳನ್ನು ಬೀಳಿಸಬಾರದು. ಆದರೂ ಗುರುತು ಹಾಕುವವರಿಗೆ ಕೆಲವು ಪಾಠಗಳು ಹೊಂದುತ್ತವೆ.

ಶಿಕ್ಷಕರೇ, ಉಕ್ತಲೇಖನದಲ್ಲಿ "ರಾಷ್ಟ್ರ" ಎಂಬುದನ್ನು ಮಗು "ರಾಷ್ಟ" ಎಂದು ಬರೆದರೆ ಏಳರಲ್ಲಿ ಐದು ಹೆಜ್ಜೆ ಸರಿಯಾಗಿ ಇಟ್ಟಿದೆ. ಇಡೀ ಪದಕ್ಕೆ ಅಡ್ಡಗೆರೆ ಎಳೆದರೆ, ಏನೂ ಬರೆಯದ ಮಗುವಿಗೂ ಈ ಮಗುವಿಗೂ ಒಂದೇ ಅಂಕ. ಎಲ್ಲಿಯವರೆಗೆ ಸರಿ ಎಂದು ಮಗುವಿಗೆ ತಿಳಿಯದೆ ಹೋಗುತ್ತದೆ. ಅಕ್ಷರ ಅಕ್ಷರಕ್ಕೆ ಗುರುತು ಹಾಕಿದರೆ ಬಾಗಿಲು ಬೇಗ ತೆರೆಯುತ್ತದೆ. ನಮ್ಮ ಶಾಲೆಯಲ್ಲಿ ಅನೇಕ ಮಕ್ಕಳು ನಿಂತುಬಿಡುವುದು ಇದೇ ಒತ್ತಕ್ಷರದ ಬಾಗಿಲಲ್ಲಿ ಎಂದು ನೀವೇ ಹೇಳಿದ್ದೀರಿ. ಹಾಗೆಯೇ ವಾರ ವಾರ ಪರೀಕ್ಷೆ ಬೇಡ. ಕಟ್ಟೆಗಳು ಹೆಚ್ಚಾದರೆ ನಡಿಗೆ ನಿಲ್ಲುತ್ತದೆ.

ಪೋಷಕರೇ, ನಮ್ಮ ಮನೆಯ ಕನ್ನಡಕ್ಕೂ ಒಂದು ಹೆಜ್ಜೆಗುರುತಿನ ಪುಸ್ತಕ ಇಟ್ಟರೆ ಏನು ಕಾಣುತ್ತದೆ? "ಊಟ ಮಾಡು", "ಬೇಗ ಏಳು", "ಜಾಕೆಟ್ ಹಾಕ್ಕೊ", "ಫೋನ್ ಇಡು" ಈ ದಾರಿಗಳಲ್ಲಿ ಎಣಿಕೆ 255 ದಾಟಿರುತ್ತದೆ. ಆದರೆ ಲೆಕ್ಕದ ಪಾಠವನ್ನು ಕನ್ನಡದಲ್ಲಿ ಹೇಳುವ ದಾರಿ? ಗೆಳೆಯನೊಂದಿಗೆ ಜಗಳವಾಗಿ ಮನಸ್ಸು ನೊಂದದ್ದನ್ನು ಹೇಳುವ ದಾರಿ? "ಅಪ್ಪ, ನೀನು ಹೇಳಿದ್ದು ನನಗೆ ಒಪ್ಪಿಗೆಯಿಲ್ಲ, ಯಾಕೆಂದರೆ" ಎಂದು ವಾದ ಮಾಡುವ ದಾರಿ? ಅಲ್ಲೆಲ್ಲ ಬಹುಶಃ ಸೊನ್ನೆ. ಅಂಥ ಮಾತು ಬಂದಾಗ ಮಕ್ಕಳು ಡಚ್‌ಗೋ ಇಂಗ್ಲಿಷ್‌ಗೋ ತಿರುಗುತ್ತಾರೆ, ನಾವೂ ಜೊತೆಗೆ ತಿರುಗುತ್ತೇವೆ. ನಡೆದ ದಾರಿಯಲ್ಲೇ ಸಾವಿರ ಸಲ ನಡೆದರೆ ನಕ್ಷೆ ದೊಡ್ಡದಾಗುವುದಿಲ್ಲ. ಪ್ರಮಾಣಪತ್ರ ಇಷ್ಟು ದೂರ ನಡೆದಿದ್ದಾರೆ ಎನ್ನುತ್ತದೆ, ಎಲ್ಲೆಲ್ಲಿ ನಡೆದಿಲ್ಲ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ನೋಡಬೇಕಾದವರು ನಾವು. ವಾರಕ್ಕೆ ಒಂದು ಹೊಸ ದಾರಿ ಸಾಕು. ಒಂದು ಸಲ ಸುದ್ದಿ, ಒಂದು ಸಲ ಫುಟ್‌ಬಾಲ್, ಒಂದು ಸಲ ಊರಿನ ಅಜ್ಜಿಗೆ ಫೋನಿನಲ್ಲಿ ವಿಜ್ಞಾನದ ಪಾಠ. ಮಗು ತಡವರಿಸಿದರೆ ನಗಬೇಡಿ, ಪದವನ್ನು ಮೆಲ್ಲಗೆ ಕೈಗಿಡಿ.

ಮಕ್ಕಳೇ, ವರ್ಷಗಟ್ಟಲೆ ವಾರಾಂತ್ಯದ ನಿದ್ದೆ ಬಿಟ್ಟು ಬಂದು ನೀವು ಈ ಭಾಷೆಯನ್ನು ಕಲಿತಿದ್ದೀರಿ. ನಿಮಗೆ ಅಭಿನಂದನೆಗಳು.